ಅಗ್ಗದ ನೇರಳೆ ಲೇಸರ್

ನನ್ನ ಗಂಡ ಚನ್ನವೀರ ಗದಗದ ಕಡೆಯವರು, ರೇಡಿಯೋ ರಿಪೇರಿ ಮಾಡುತ್ತಲೇ ಕೆಲಸ ಕಲಿತವರು. ೨೦೦೭ರಲ್ಲಿ ನಾವು ಬಿಟಿಎಂ ಬಡಾವಣೆಯಲ್ಲಿ ಬಾಡಿಗೆಗಿದ್ದೆವು. ಮಗಳಿಗೆ ಏಳು ತಿಂಗಳು. ಇವರು ಕೋಣನಕುಂಟೆ ಹತ್ತಿರದ ಪುಟ್ಟ ಖಾಸಗಿ ಪ್ರಯೋಗಾಲಯವೊಂದರಲ್ಲಿ ಹಂಗಾಮಿ ಟೆಕ್ನಿಷಿಯನ್.

ಅಲ್ಲಿ ಜೇನಿನಂಥ ದ್ರವದೊಳಗೆ ಲೇಸರ್ ಬೆಳಕನ್ನು ಚುಕ್ಕಿಯಾಗಿ ಇಳಿಸುತ್ತಿದ್ದರು. ಚುಕ್ಕಿ ಬಿದ್ದಲ್ಲಿ ದ್ರವ ಗಟ್ಟಿಯಾಗುತ್ತದೆ. ಕೂದಲೆಳೆಗಿಂತ ನೂರಾರು ಪಟ್ಟು ತೆಳುವಾದ ಗೆರೆಗಳಲ್ಲಿ ವಸ್ತು ಕಟ್ಟಬಹುದು. ಅದಕ್ಕೆ ಬೇಕಾದ ವಿದೇಶಿ ಲೇಸರಿನ ಬೆಲೆಗೆ ಜಯನಗರದಲ್ಲಿ ಮನೆಯೇ ಬರುತ್ತಿತ್ತು. ಇವರು ಕೆಟ್ಟ ಬ್ಲೂ-ರೇ ಡಿಸ್ಕ್ ಪ್ಲೇಯರಿನಿಂದ ನೇರಳೆ ಲೇಸರ್ ಬಿಚ್ಚಿ ತಂದು ಕೂರಿಸಿದರು.

“ಇದು ಕೆಲ್ಸ ಮಾಡಿದ್ರೆ ನಿನ್ನ ಪರ್ಮನೆಂಟ್ ಮಾಡ್ತೀನಿ ಗುರು,” ಅಂದರು ಮೇಲಧಿಕಾರಿ ವಿಜಯಕುಮಾರ್.

“ಸರ್, ಕಣ್ಣಿಗೆ ಲೇಸರ್ ತಡಿಯೋ ಕನ್ನಡಕ?”

“ಲೇಸರ್‌ಗಿಂತ ಕನ್ನಡಕನೇ ಕಾಸ್ಟ್ಲಿ ಕಣಯ್ಯಾ. ಕಮ್ಮಿ ಖರ್ಚಲ್ಲಿ ಮಾಡ್ತಿರೋದು ನಾವು!”

ಮನೆಗೆ ಬಂದು ಇವರು ಅದನ್ನು ಹೇಳಿದಾಗ ನಾನೇ ಜಯನಗರ ಫೋರ್ತ್ ಬ್ಲಾಕಿನ ಫುಟ್‌ಪಾತಿನಲ್ಲಿ ಕಪ್ಪು ಕೂಲಿಂಗ್ ಗ್ಲಾಸ್ ಕೊಂಡುಕೊಟ್ಟೆ. “ಹೀರೋ ಇದ್ದಂಗ ಕಾಣ್ತೀರಿ,” ಅಂದೆ.

“ಹಂಗಾರ ಹೀರೋಗ ಒಂದು ಚಾ ತಾ.”

ಮೂರು ತಿಂಗಳಲ್ಲಿ, ಸಾಸಿವೆಕಾಳಿನ ಮೇಲೆ ಹತ್ತಾರನ್ನು ಸಾಲಾಗಿ ನಿಲ್ಲಿಸಬಹುದಾದಷ್ಟು ಪುಟ್ಟ ಮಂಟಪ ಮೂಡಿತು. ಅಷ್ಟರಲ್ಲಿ ಇವರ ಬಲಗಣ್ಣಿನ ನಟ್ಟನಡುವೆ ಕಪ್ಪು ಕಲೆಯೊಂದು ನಿಂತಿತ್ತು. ಎಡಗಣ್ಣು ಮುಚ್ಚಿ ನೋಡಿದರೆ ಮಗಳ ಕಿವಿ ಕಾಣುತ್ತಿತ್ತು, ಮುಖವಿಲ್ಲ.

ಕಣ್ಣಿನ ಡಾಕ್ಟರು ಕೂಲಿಂಗ್ ಗ್ಲಾಸನ್ನು ಕೈಯಲ್ಲಿ ತಿರುಗಿಸಿದರು. “ಯಾರು ಕೊಡ್ಸಿದ್ದು ಇದನ್ನ? ಕತ್ತಲು ಮಾಡಿದ್ರೆ ಪಾಪೆ ಅಗಲ ಆಗುತ್ತೆ. ನೇರಳೆ ಬೆಳಕನ್ನ ಇದು ತಡೆಯೋದೂ ಇಲ್ಲ. ಬರಿಗಣ್ಣೇ ವಾಸಿ ಇತ್ತು. ಇನ್ನು ಸರಿಹೋಗಲ್ಲ.”

ಇವರು ನನ್ನ ಕಡೆ ತಿರುಗಲಿಲ್ಲ. “ನಾನ ತಗೊಂಡೀನ್ರಿ ಸರ್,” ಅಂದರು.

ಮರುವಾರ ವಿಜಯಕುಮಾರ್ ಮನೆಗೇ ಬಂದು ಮಗಳ ಗಲ್ಲ ಹಿಂಡಿದರು. ಕೈಯಲ್ಲಿ ಇವರ ಹೆಸರಲ್ಲೇ ಟೈಪ್ ಮಾಡಿದ ಕಾಗದ: ‘ಎಚ್ಚರಿಕೆ ಕೊಟ್ಟರೂ ಕೇಳದೆ ಕೆಲಸ ಮಾಡಿದ್ದು ನನ್ನದೇ ತಪ್ಪು.’

“ಸೈನ್ ಹಾಕು, ಪರ್ಮನೆಂಟ್. ಆದ್ರೆ ಮೆಷಿನ್ ಬೇಡಪ್ಪಾ, ಒಂದು ಕಣ್ಣಲ್ಲಿ ಆಗೋ ಕೆಲ್ಸ ಅಲ್ಲ. ಗೇಟಲ್ಲಿ ಕೂತ್ಕೊಂಡು ಬಂದೋರ ಹೆಸ್ರು ಬರ್ಕೋ.”

“ಆ ಮೆಷಿನ್ ಕಟ್ಟಿದಾಂವ ನಾನರೀ.”

“ಅದಕ್ಕೇ ಗೇಟಾದ್ರೂ ಕೊಡ್ತಿರೋದು.”

ಇವರ ಮುಷ್ಟಿಯಲ್ಲಿ ಕಾಗದದ ಅಂಚು ಮುದುಡತೊಡಗಿತು. ಈಗ ಹರಿದೇ ಬಿಡುತ್ತಾರೆ ಅನ್ನಿಸಿತು. ನಾನು ಕಾಗದ ಬಿಡಿಸಿಕೊಂಡು, ಸುಕ್ಕು ಸವರಿ, ಪೆನ್ನಿನ ಕ್ಯಾಪ್ ತೆಗೆದು ಅವರ ಬೆರಳುಗಳ ನಡುವೆ ಇಟ್ಟೆ.

“ಹಾಕ್ರಿ,” ಅಂದೆ. “ಕೂಸಿನ ಮಾರಿ ನೋಡಿ ಹಾಕ್ರಿ.”

ಹಾಕಿದರು.