ಹಳೇಬೀಡಿನ ಡಬ್ಬಕ್ಕೆ ಕುಂಕುಮ ಇಟ್ಟ ದಿನ

ಜಯಕ್ಕ, ಆ ದಿನ ಪ್ಲಗ್ ಕೀಳಿ ಅಂತ ನಿಮಗೆ ಹೇಳಿದವನು ನಾನೇ. ಹೇಳಿ, ಹೇಳಿಲ್ಲ ಎಂದವನೂ ನಾನೇ. ಒಂಬತ್ತು ವರ್ಷ ಇದನ್ನು ನುಂಗಿಕೊಂಡು ತಿರುಗಿದ್ದೇನೆ. ಮುಖ ನೋಡಿ ಹೇಳಬೇಕಾದ್ದನ್ನು ಮೊದಲು ಕಾಗದಕ್ಕೆ ಹೇಳುತ್ತಿದ್ದೇನೆ ಎಂದರೆ — ನನ್ನ ಧೈರ್ಯ ಎಷ್ಟರದ್ದು ಎಂದು ನಿಮಗೇ ಗೊತ್ತಾಗುತ್ತದೆ.

ಹಳೇಬೀಡಿನ ಆ ಸಣ್ಣ ಕೋಣೆಯ ಬೀಗದ ಕೈ ನಿಮ್ಮ ಸೆರಗಿನ ತುದಿಯಲ್ಲಿರುತ್ತಿತ್ತು. ಊರಿನ ಇಂಟರ್ನೆಟ್ ಲೈನುಗಳೆಲ್ಲ ಬಂದು ಸೇರುವ ಸ್ವಿಚ್ಚನ್ನು ನೀವು ಡಬ್ಬ ಎನ್ನುತ್ತಿದ್ದಿರಿ. ನಾನು ಅರಸೀಕೆರೆಯ ಆಫೀಸಿನಲ್ಲಿ ಕೂತು ಏನು ಮಾಡುತ್ತಿದ್ದೆ ಎಂದು ನಿಮಗೆ ಯಾರೂ ಹೇಳಿರಲಿಕ್ಕಿಲ್ಲ. ಕಂಪ್ಯೂಟರಿನ ಕಪ್ಪು ಪರದೆಯಲ್ಲಿ ಒಂದು ಕಮಾಂಡ್ ಟೈಪ್ ಮಾಡಿದರೆ ಯಾವ ಊರಿನ ಡಬ್ಬವಾದರೂ ತನ್ನ ಲಾಗ್ ತೋರಿಸುತ್ತದೆ: ಯಾವ ಲೈನ್ ಯಾವಾಗ ಬಿತ್ತು, ಯಾರು ಏನು ಮಾಡಿದರು, ಸಾಲು ಸಾಲಾಗಿ. ಅದನ್ನು ಓದುವುದರಲ್ಲಿ ನನ್ನನ್ನು ಬಿಟ್ಟರಿಲ್ಲ ಎಂಬ ಜಂಬ ನನಗೆ. ಮನುಷ್ಯರು ಸುಳ್ಳು ಹೇಳಬಹುದು, ಲಾಗ್ ಹೇಳಲ್ಲ ಎಂದು ಹೊಸಬರಿಗೆ ಉಪದೇಶ ಬೇರೆ ಮಾಡುತ್ತಿದ್ದೆ.

ಆಯುಧಪೂಜೆಯ ಹಿಂದಿನ ದಿನ ಬೆಳಿಗ್ಗೆ ನೀವು ಫೋನ್ ಮಾಡಿದಿರಿ. “ಸಾರ್, ಡಬ್ಬ ಒರೆಸಿ ಕುಂಕುಮ ಇಡ್ಲಾ? ಆಫ್ ಮಾಡ್ಬೇಕಾ?” ಆಫ್ ಮಾಡಬೇಡಿ, ಒಣಬಟ್ಟೆಯಲ್ಲಿ ಮೇಲೆ ಮೇಲೆ ಒರೆಸಿ ಎಂದೆ. ನೀವು ಹಾಗೇ ಮಾಡಿದಿರಿ. ಒಂದು ಸೇವಂತಿಗೆಯನ್ನೂ ಇಟ್ಟಿರಿ.

ಅವತ್ತು ನಿಮ್ಮೂರಿನಲ್ಲಿ ಕೆಲಸದ ನೇಮಕಾತಿಗೆ ಆನ್‌ಲೈನ್ ಪರೀಕ್ಷೆ ನಡೆಯುತ್ತಿತ್ತು, ನಮ್ಮದೇ ಲೈನಿನಲ್ಲಿ. ಇತ್ತ ಜಾವಗಲ್ಲಿನ ಡಬ್ಬ ತಕರಾರು ಮಾಡುತ್ತಿತ್ತು, ಅದನ್ನು ರೀಸ್ಟಾರ್ಟ್ ಮಾಡಬೇಕಿತ್ತು. ಪರದೆಯ ಮೇಲೆ ಎರಡೂ ಊರನ್ನು ಅಕ್ಕಪಕ್ಕ ತೆರೆದಿಟ್ಟುಕೊಂಡಿದ್ದೆ. ಸಾಲಿನ ಮೊದಲಿಗೇ ಊರಿನ ಹೆಸರು ಇರುತ್ತದೆ — ಓದಲಿಲ್ಲ. ಆಫೀಸಿಗೆ ಬೂದುಗುಂಬಳ ಬಂದಿತ್ತು, ಯಾರೋ ತಮಾಷೆ ಮಾಡಿದರು, ಅತ್ತ ತಿರುಗಿ ನಗುತ್ತಲೇ ಎಂಟರ್ ಒತ್ತಿದೆ. ನಿಂತದ್ದು ಹಳೇಬೀಡು.

ಐದು ನಿಮಿಷದಲ್ಲಿ ಅದು ಎದ್ದಿತು. ಪರೀಕ್ಷೆಯೂ ಮತ್ತೆ ಶುರುವಾಯಿತು. ಅಷ್ಟಕ್ಕೇ ಬಿಟ್ಟಿದ್ದರೆ... ಆದರೆ ಲಾಗ್ ತೆಗೆದು ನೋಡಿದೆ. ರೀಸ್ಟಾರ್ಟ್ ಆದ ಕಾರಣ: ಕಮಾಂಡ್. ಕೊಟ್ಟವರು: ನನ್ನ ಹೆಸರು. ಆ ಡಬ್ಬಕ್ಕೆ ಕರೆಂಟ್ ತಪ್ಪಿದರೆ ಹಳೆಯ ಸಾಲುಗಳೆಲ್ಲ ಅಳಿಸಿಹೋಗುತ್ತವೆ, ಪವರ್ ಹೋಗಿತ್ತು ಎಂಬ ಒಂದೇ ಮಾತು ಉಳಿಯುತ್ತದೆ. ಅದು ನನಗೆ ಚೆನ್ನಾಗಿ ಗೊತ್ತಿತ್ತು. ನಿಮಗೆ ಫೋನ್ ಮಾಡಿದೆ.

“ಜಯಕ್ಕ, ಡಬ್ಬದ ಪ್ಲಗ್ ಕಿತ್ತು ಮತ್ತೆ ಹಾಕಿ.”

“ಈಗ್ಲೇನಾ ಸಾರ್? ಲೈಟೆಲ್ಲ ಚೆನ್ನಾಗೇ ಉರೀತಾ ಐತಲ್ಲ.”

“ಹೇಳಿದಷ್ಟು ಮಾಡಿ.”

ಮಾಡಿದಿರಿ. ಪರೀಕ್ಷೆ ಎರಡನೇ ಸಲ ನಿಂತಿತು, ಆಮೇಲೆ ರದ್ದೇ ಆಯಿತು. ಮೊದಲನೆಯದು ಕೈತಪ್ಪು ಎನ್ನಬಹುದು. ಎರಡನೆಯದಕ್ಕೆ ನನ್ನ ಹತ್ತಿರ ಹೆಸರಿಲ್ಲ.

ಮಧ್ಯಾಹ್ನ ಮ್ಯಾನೇಜರ್ ಜೊತೆ ನಿಮ್ಮ ಕೋಣೆಗೆ ಬಂದೆ. ಲಾಗ್ ಓದು ಎಂದರು, ಪವರ್ ಹೋಗಿತ್ತು ಎಂದು ಓದಿದೆ. ಅವರ ಕಣ್ಣು ಕುಂಕುಮದ ಮೇಲೆ, ಹೂವಿನ ಮೇಲೆ. ಪ್ಲಗ್ ಕಿತ್ತೆಯಾ ಎಂದು ನಿಮ್ಮನ್ನು ಕೇಳಿದರು. “ಹೂಂ ಸಾರ್, ಕಿತ್ತೆ. ಈ ಸಾರೇ ಹೇಳಿದ್ರು ಕೀಳು ಅಂತ.”

“ನಾನು ಹೇಳಿಲ್ಲ ಸಾರ್.”

ನೀವು ನನ್ನನ್ನು ನೋಡಿದಿರಿ. ಸಿಟ್ಟಿನಿಂದ ನೋಡಿದ್ದರೆ ಇಷ್ಟು ವರ್ಷದಲ್ಲಿ ಮರೆಯುತ್ತಿದ್ದೆನೋ ಏನೋ. ನೀವು ಏನನ್ನೋ ನೆನಪಿಸಿಕೊಳ್ಳುವವರಂತೆ ನೋಡಿದಿರಿ. ಆಮೇಲೆ ಸೆರಗಿನ ಗಂಟು ಬಿಚ್ಚಿ ಬೀಗದ ಕೈ ಮೇಜಿನ ಮೇಲಿಟ್ಟಿರಿ.

ಅಂದಿನಿಂದ ಯಾವ ಊರಿನ ಲಾಗಿನಲ್ಲಿ ಪವರ್ ಹೋಗಿತ್ತು ಎಂದು ಕಂಡರೂ ನನಗೆ ಕೇಳಿಸುವುದು ಒಂದೇ — ಈಗ್ಲೇನಾ ಸಾರ್? ಇನ್ನೊಂದು ಮಾತನ್ನೂ ಹೇಳಿಬಿಡುತ್ತೇನೆ. ಡಬ್ಬ ಬರೆದ ಪ್ರತಿ ಸಾಲಿನ ಒಂದು ನಕಲು ಅರಸೀಕೆರೆಯ ಮೆಷಿನ್ನಿಗೂ ಬಂದಿರುತ್ತದೆ. ಅದನ್ನು ನೋಡುವವನು ನಾನೊಬ್ಬನೇ. ನನ್ನ ಹೆಸರಿನ ಆ ಸಾಲು ಅಲ್ಲಿ ಹಾಗೇ ಇದೆ. ಅಳಿಸಲು ಎಷ್ಟೋ ಬೆಳಿಗ್ಗೆ ತೆರೆದಿದ್ದೇನೆ, ಅಳಿಸಿಲ್ಲ. ಯಾರಿಗೂ ತೋರಿಸಲೂ ಇಲ್ಲ.

ಹೋದ ತಿಂಗಳು ಹಳೇಬೀಡಿನ ಬಸ್ ಸ್ಟ್ಯಾಂಡಿನಲ್ಲಿ ನೀವೇ ಗುರುತು ಹಿಡಿದು ಮಾತಾಡಿಸಿದಿರಿ. “ಚೆನ್ನಾಗಿದೀರಾ ಸಾರ್? ಡಬ್ಬಕ್ಕೆ ಈಗ್ಲೂ ಯಾರಾದ್ರೂ ಪೂಜೆ ಮಾಡ್ತಾರಾ?” ನಾನು ಇಲ್ಲವೆಂದು ತಲೆಯಾಡಿಸಿದೆ. ಆಗ ನೀವು ದನಿ ಇಳಿಸಿ ಹೇಳಿದಿರಿ: “ನೀವ್ ಫೋನ್‌ನಾಗೆ ಹೇಳ್ದಂಗೇ ನೆನಪು ಸಾರ್ ನಂಗೆ. ನನ್ ತಲೇನೇ ಸರಿ ಇಲ್ಲ ಅನ್ಸುತ್ತೆ. ಅವತ್ತಿಂದ ಯಾರ ಮನೆ ಬೀಗಾನೂ ಇಸ್ಕೊಂಡಿಲ್ಲ. ನನ್ ಮ್ಯಾಲೆ ನಂಗೇ ನಂಬ್ಕೆ ಇಲ್ಲ.”

ಬಸ್ ಬಂತು, ಹತ್ತಿಕೊಂಡೆ.

ಇವತ್ತು ಆ ಸಾಲನ್ನು ಎರಡು ಹಾಳೆಯಲ್ಲಿ ಪ್ರಿಂಟ್ ತೆಗೆದೆ. ಒಂದನ್ನು ಮ್ಯಾನೇಜರ್ ಮೇಜಿನ ಮೇಲಿಟ್ಟು, ಏನು ನಡೆಯಿತೆಂದು ಹೇಳಿ ಬಂದಿದ್ದೇನೆ. ಇನ್ನೊಂದು ಜೇಬಿನಲ್ಲಿದೆ. ಜಾವಗಲ್ ದಾಟಿದೆ ಬಸ್ಸು. ಕ್ಷಮಿಸಿ ಎಂದು ಕೇಳಲು ಬರುತ್ತಿಲ್ಲ. ನಿಮ್ಮ ನೆನಪು ಸರಿಯಾಗಿಯೇ ಇದೆ ಎಂದು ಹೇಳಲು ಬರುತ್ತಿದ್ದೇನೆ, ಜಯಕ್ಕ. ನಾನು ಹೇಳಿದ್ದೆ.