ಸಾವಿನ ಮನೆಯ ಟೀ

ಟ್ರುಗನಿನಾ ಎಂಬ ಹೊಸ ಬಡಾವಣೆಯಲ್ಲಿ ನಮ್ಮ ಬೀದಿಯ ಮರಗಳು ಆಗ ನಮ್ಮಂಥ ಮಕ್ಕಳಷ್ಟೇ ಎತ್ತರ ಇದ್ದವು. ಹೊಸ ಮನೆಗಳ ಪೇಂಟ್ ವಾಸನೆ, ವೇರ್‌ಹೌಸ್‌ಗಳ ಕಡೆಯಿಂದ ಬೀಸುವ ಬಿಸಿಗಾಳಿ. ನನಗೆ ಹತ್ತು ವರ್ಷ. ಆ ಬೇಸಿಗೆಯೆಂದರೆ ನನಗೆ ಇವತ್ತಿಗೂ ಚೆಂಡು ಪುಟಿಯುವ ಸದ್ದು. ಪಕ್ಕದ ಮನೆಯ ಮಜೋಕ್ ತಮ್ಮ ಮನೆಮುಂದಿನ ಡ್ರೈವ್‌ವೇಯಲ್ಲಿ ಸದಾ ಬ್ಯಾಸ್ಕೆಟ್‌ಬಾಲ್ ಆಡುತ್ತಿದ್ದ.

ಅವರು ಸೌತ್ ಸುಡಾನಿನವರು. ಮಜೋಕ್‌ಗೆ ಹತ್ತೊಂಬತ್ತು. ನನ್ನನ್ನು ಭುಜದ ಮೇಲೆ ಕೂರಿಸಿಕೊಂಡು ರಿಂಗಿಗೆ ಚೆಂಡು ಹಾಕಿಸುತ್ತಿದ್ದ. ಅವನನ್ನು ಅಣ್ಣ ಅನ್ನಬೇಕೆಂದು ಅಮ್ಮ ಹೇಳಿಕೊಟ್ಟಿದ್ದಳು. ಆ ಪದದ ಅರ್ಥ ತಿಳಿದ ಮೇಲೆ, ಹೆಸರು ಹಿಡಿದು ಕೂಗಿದರೆ ಪುಣ್ಯಾತ್ಮ ತಿರುಗಿಯೂ ನೋಡುತ್ತಿರಲಿಲ್ಲ. ಅಮ್ಮ ಚಿತ್ರಾನ್ನಕ್ಕೆ ಒಗ್ಗರಣೆ ಹಾಕಿದರೆ ಸಾಕು, ಬೇಲಿಯಾಚೆಯಿಂದ ಕೂಗು: "ಆಂಟಿ, ಯೆಲ್ಲೋ ರೈಸ್?"

"ಬಾರೋ, ನಿಂಗೂ ಸೇರ್ಸೇ ಮಾಡಿರೋದು," ಎಂದು ಅಮ್ಮ ಕನ್ನಡದಲ್ಲೇ ಕರೆಯುತ್ತಿದ್ದಳು. ಅವನಿಗೆ ಅರ್ಥವಾಗುತ್ತಿತ್ತು.

ಒಂದು ಶನಿವಾರ, ಆಟ ಮುಗಿಸಿ ಬರುತ್ತಿದ್ದವನನ್ನು ರೈಲ್ವೆ ಸ್ಟೇಷನ್ ಹತ್ತಿರ ಯಾರೋ ಚಾಕುವಿನಿಂದ ಇರಿದು ಕೊಂದರು. ಟಿವಿಯಲ್ಲಿ ಅವನಿಗೆ ಹೆಸರೇ ಇರಲಿಲ್ಲ, ಬರೀ 'ಆಫ್ರಿಕನ್ ಯುವಕ'. ನಮ್ಮವರೇ ಒಬ್ಬ ಅಂಕಲ್ ಫೋನ್ ಮಾಡಿ, "ಏನೋ ಗ್ಯಾಂಗ್ ವಿಷ್ಯ ಇರುತ್ತೆ ಬಿಡಿ," ಅಂದರು. ಅಮ್ಮ ಫೋನ್ ಕುಕ್ಕಿಟ್ಟಳು. ಗ್ಯಾಂಗಂತೆ, ಗ್ಯಾಂಗು! ನನ್ನ ಶೂ ಲೇಸ್ ಕಟ್ಟಿಕೊಡುತ್ತಿದ್ದ ಹುಡುಗ ಅವನು.

ಬೀದಿಯವರು ಯಾರೂ ಆ ಮನೆಗೆ ಕಾಲಿಡಲಿಲ್ಲ. ನಾನು ಮತ್ತು ಅಮ್ಮ ಹೊರಟಾಗ ಅಪ್ಪ ಹೇಳಿದರು: "ಸಾವಿನ ಮನೆ. ಅಲ್ಲಿ ನೀರೂ ಕುಡೀಬೇಡಿ. ಬಂದ ತಕ್ಷಣ ಸ್ನಾನ ಮಾಡ್ಬಿಡಿ."

ಒಳಗೆ ಹೆಂಗಸರು ನೆಲಕ್ಕೆ ಹಾಸಿಗೆ ಹಾಕಿಕೊಂಡು ಕೂತು ಹಾಡುತ್ತಿದ್ದರು. ಮಜೋಕ್‌ನ ತಾಯಿ ತಾವೇ ಎದ್ದು ಬಂದು ಅಮ್ಮನಿಗೆ ಟೀ ಚಾಚಿದರು. ಚಕ್ಕೆಯ ವಾಸನೆ ಬಂತು. ಅಮ್ಮ ಅಭ್ಯಾಸಬಲದಿಂದ ಕೈಮುಗಿದು, "ನೋ, ನೋ, ಪ್ಲೀಸ್," ಅಂದಳು.

ಹಾಡು ನಿಂತಿತು. ಆ ತಾಯಿಯ ಕೈ ಹಾಗೇ ಚಾಚಿತ್ತು. "ಯು ಆಲ್ಸೋ?" ಎಂದರು, ಮೆಲ್ಲಗೆ. ನೀವೂ ನನ್ನ ಮಗನನ್ನು ಅಂಥವನು ಅಂದುಕೊಂಡಿರಾ ಎಂದು ಅವರು ಕೇಳುತ್ತಿದ್ದಾರೆಂದು ನನಗೂ ಗೊತ್ತಾಯಿತು.

"ಅಯ್ಯೋ, ಹಾಗಲ್ಲಮ್ಮಾ!" ಅಮ್ಮ ಲೋಟ ಇಸಕೊಂಡು, ಬಾಯಿ ಸುಡುವುದನ್ನೂ ಲೆಕ್ಕಿಸದೆ ಕುಡಿದಳು. "ನನಗೂ ಮಗನೇ ಕಣ್ರೀ ಅವನು," ಎಂದು ಕನ್ನಡದಲ್ಲೇ ಬಿಕ್ಕಿಬಿಕ್ಕಿ ಅತ್ತಳು. ಅವರು ಅಮ್ಮನನ್ನು ಪಕ್ಕದಲ್ಲಿ ಕೂರಿಸಿಕೊಂಡರು. ಹಾಡು ಮತ್ತೆ ಶುರುವಾಯಿತು.

ಮನೆಗೆ ಬಂದಾಗ ಅಪ್ಪ ಬಾಗಿಲಲ್ಲೇ ಟವೆಲ್ ಹಿಡಿದು ನಿಂತಿದ್ದರು.

"ಏನನ್ನ ತೊಳ್ಕೊಳ್ಳಲಿ ಈಗ?" ಎಂದು ಅಮ್ಮ ಒಳಗೆ ನಡೆದಳು.

ಆ ರಿಂಗನ್ನು ಯಾರೂ ಇಳಿಸಲಿಲ್ಲ. ಗಾಳಿ ಬಂದರೆ ಅದರ ಬಲೆ ಅಲ್ಲಾಡುತ್ತಿತ್ತು. ಚೆಂಡಿನ ಸದ್ದು ಕೇಳಿಸಿದಂತಾಗಿ ನಾನು ಎಷ್ಟೋ ಸಲ ಕಿಟಕಿಗೆ ಓಡಿದ್ದೇನೆ. ಡ್ರೈವ್‌ವೇ ಖಾಲಿ ಇರುತ್ತಿತ್ತು.

ಈಗ ನಾನು ಸಿಡ್ನಿಯ ಕೆಲ್ಲಿವಿಲ್‌ನಲ್ಲಿದ್ದೇನೆ. ಟ್ರುಗನಿನಾದ ಆ ಎರಡೂ ಮನೆಗಳಲ್ಲಿ ಬೇರೆಯವರಿದ್ದಾರೆ, ಮರಗಳು ಸೂರು ದಾಟಿವೆಯಂತೆ. ಸಂಜೆ ಮೆಟ್ರೋ ಇಳಿದು ನಡೆಯುವಾಗ ಯಾರದೋ ಮನೆಯ ಮುಂದೆ ಚೆಂಡು ಪುಟಿದರೆ ನನ್ನ ಕಾಲು ನಿಲ್ಲುತ್ತದೆ. ಸದ್ದು ನಿಂತರೆ ಇನ್ನೂ ಭಯ. ಹುಡುಗ ಮನೆಯೊಳಗೆ ಹೋದದ್ದು ಕಂಡ ಮೇಲೇ ಮುಂದೆ ಹೆಜ್ಜೆ ಇಡುತ್ತೇನೆ. ನನಗೀಗ ಇಪ್ಪತ್ನಾಲ್ಕು. ನನ್ನನ್ನು ಭುಜದ ಮೇಲೆ ಹೊತ್ತ ಅಣ್ಣ ನನಗಿಂತ ಚಿಕ್ಕವನಾಗಿಬಿಟ್ಟಿದ್ದಾನೆ.