ಹೊಟ್ಟೆಯೊಳಗಿನ ಹಿಡಿತ

ಹಳೇ ಬೀರು, ಕುರ್ಚಿಗಳಿಗೆ ಅರಗಿನ ಪಾಲಿಶ್ ಹಚ್ಚುತ್ತಿದ್ದ ಅವಳನ್ನು ಬೀದಿಯವರೆಲ್ಲ ಪಾಲಿಶಕ್ಕ ಎಂದೇ ಕರೆಯುತ್ತಿದ್ದರು. ಮರ ಕನ್ನಡಿಯಾಗುವವರೆಗೂ ತಿಕ್ಕುವುದು ಅವಳ ಹಟ. ಗಂಡ ತೀರಿಕೊಂಡ ಮೇಲೆ ಮಾತ್ರ, ಆ ಹೊಳಪಿನಲ್ಲಿ ತನ್ನ ಮುಖದ ಹಿಂದೆ ಇನ್ಯಾರೋ ನಿಂತಂತೆ ಕಂಡು, ಮುಗಿದ ಬೀರುಗಳಿಗೆ ಹಳೇ ಬೆಡ್‌ಶೀಟು ಹೊದಿಸಿಡತೊಡಗಿದಳು.

ಗಂಡ ಹೋದಾಗಿನಿಂದ ಅವಳ ಹೊಟ್ಟೆಯೂ ಮುಷ್ಕರ ಹೂಡಿತ್ತು. ಸಾವಿನ ಮನೆಯಲ್ಲಿ ಮಲಬದ್ಧತೆಯ ಮಾತೆತ್ತಿದರೆ ಮರ್ಯಾದೆ ಉಳಿದೀತೇ? ಗುಟ್ಟಾಗಿ ಔಷಧಿ ಅಂಗಡಿಯಿಂದ ಪುಟ್ಟ ಹಳದಿ ಮಾತ್ರೆ ತಂದಳು. ಬರೀ ಮಾತ್ರೆ ಹೊಟ್ಟೆ ಸುಟ್ಟೀತೆಂದು, ಗಂಡ ಎದೆಯುರಿಗೆ ಕುಡಿಯುತ್ತಿದ್ದ ಗುಲಾಬಿ ಔಷಧಿಯನ್ನು ಮೊದಲು ಎರಡು ಚಮಚ ಕುಡಿದು, ಹಿಂದೆಯೇ ಮಾತ್ರೆ ನುಂಗಿದಳು. ಅವನ ಔಷಧಿ ಎಸೆಯಲು ಅವಳಿಗೆ ಮನಸ್ಸೇ ಬಂದಿರಲಿಲ್ಲ.

ಮುಸ್ಸಂಜೆಗೆ ಒಂದು ಕೈ ಬಂತು. ಪಕ್ಕೆಲುಬಿನ ಕೆಳಗೆ, ಒಳಗಿನಿಂದ, ಐದು ಬೆರಳು. ಹಿಂಡಿತು, ಸಡಿಲಿಸಿತು, ಮತ್ತೆ ಹಿಂಡಿತು. ಕೊನೆಯ ದಿನಗಳಲ್ಲಿ ಗಂಡ ಅವಳ ಮುಂಗೈಯನ್ನು ಹೀಗೇ ಹಿಡಿದುಕೊಂಡರೆ ಬಿಡುತ್ತಲೇ ಇರಲಿಲ್ಲ.

"ಬಿಡ್ರೀ, ನೋಯುತ್ತೆ," ಎಂದಳು ಖಾಲಿ ಕೋಣೆಗೆ.

ಸ್ವಲ್ಪ ಹೊತ್ತಿಗೆ ಬಿಟ್ಟಿತು. ಬದುಕಿದ್ದಾಗ ಒಂದು ದಿನವೂ ಹೇಳಿದ ಮಾತು ಕೇಳಿದ ಮನುಷ್ಯನಲ್ಲ ಅವನು. ಸತ್ತ ಮೇಲೆ ಕೇಳಿದ್ದ.

ಮಾತ್ರೆ ನುಂಗಿದ ಪ್ರತಿ ದಿನವೂ ಸಂಜೆಗೆ ಕೈ ಬಂದೇ ಬರುತ್ತಿತ್ತು. ಆ ಹೊತ್ತಿಗೆ ಅವಳಿಗೆ ಮಾತ್ರೆಯ ನೆನಪೇ ಇರುತ್ತಿರಲಿಲ್ಲ, ಕೈಯೊಂದೇ ಗೊತ್ತು. ನೋವಿಗೆ ವಾಂತಿಯಾಗಿ ಊಟ ಸೇರದಾಯಿತು. ಉಣ್ಣದೆ ಹೊಟ್ಟೆ ಇನ್ನೂ ಕಟ್ಟಿಕೊಂಡಿತು, ಮಾತ್ರೆ ದಿನವೂ ಬೇಕಾಯಿತು. ಗಂಡ ಕರೆಯುತ್ತಿದ್ದಾನೆ, ಹೊರಡಬೇಕು ಎಂದು ಮನಸ್ಸು ಗಟ್ಟಿ ಮಾಡಿಕೊಂಡು, ಒಳ್ಳೆಯ ಸೀರೆಗಳನ್ನು ನಾದಿನಿಗೆಂದು ಮಡಿಸಿಟ್ಟಳು.

ನೋಡಲು ಬಂದ ನಾದಿನಿ ಬಾಗಿಲಲ್ಲೇ ಬೆಚ್ಚಿದಳು. "ಅತ್ತಿಗೆ, ಇದೇನು ಗತಿ? ಎಲುಬಿನ ಗೂಡಾಗಿದೀರಲ್ಲ!"

"ನಿಮ್ಮಣ್ಣ ಬಿಡ್ತಿಲ್ಲ ಕಣೇ. ಒಳಗಿಂದ ಹಿಡ್ಕೋತಾರೆ."

ನಾದಿನಿ ಗಟ್ಟಿಗಿತ್ತಿ. ಅತ್ತಿಗೆಯನ್ನು ದರದರನೆ ಡಾಕ್ಟರ ಹತ್ತಿರ ಎಳೆದೊಯ್ದಳು. ಏನೇನು ನುಂಗುತ್ತೀರಿ ಎಂದು ಡಾಕ್ಟರು ಕೆದಕಿ ಕೆದಕಿ ಕೇಳಿದ ಮೇಲೆ, ಪಾಲಿಶಕ್ಕ ಸೆರಗು ಬಾಯಿಗೊತ್ತಿಕೊಂಡು ಎಲ್ಲ ಹೇಳಿದಳು.

"ಈ ಮಾತ್ರೆಯ ಮೇಲಿನ ಲೇಪ ಹೊಟ್ಟೆಯ ಹುಳಿಗೆ ಕರಗಲ್ಲಮ್ಮ, ಕರುಳಿಗೆ ಹೋದ್ಮೇಲೇ ಕರಗಬೇಕು. ನೀವು ಹುಳಿ ಇಳಿಸೋ ಔಷಧಿ ಮೊದಲೇ ಕುಡೀತೀರಿ. ಲೇಪ ಹೊಟ್ಟೇಲೇ ಕಳಚುತ್ತೆ, ಮದ್ದು ಅಲ್ಲೇ ಕೆರಳುತ್ತೆ. ಹಿಂಡೋದು ಅದೇ. ಎರಡೂ ನಿಲ್ಸಿ, ಬೇರೆ ಕೊಡ್ತೀನಿ. ಆ ಕೈ ಇನ್ನು ಬರಲ್ಲ."

ಬೇರೆ ಯಾರಾದರೂ ನಂಬದೆ ಇರಬಹುದಿತ್ತು. ಅರಗಿನ ಪಾಲಿಶ್ ಹುಳಿಗೆ ಜಗ್ಗದೆ, ವಾಷಿಂಗ್ ಸೋಡಾ ನೀರಿಗೆ ಕಳಚಿ ಬರುವುದನ್ನು ಕಣ್ಣಾರೆ ಕಂಡವಳು ಅವಳು. ಮಾತ್ರೆಯ ಲೇಪವೂ ಹಾಗೇ ಎಂದರೆ ಇಲ್ಲವೆನ್ನಲು ದಾರಿಯೇ ಇರಲಿಲ್ಲ. ನಾದಿನಿ ಮನೆ ತಲುಪುವವರೆಗೂ ನಗುತ್ತಲೇ ಇದ್ದಳು. "ನಮ್ಮಣ್ಣನ ಮೇಲೆ ಎಂಥಾ ಅಪವಾದ ಹೊರಿಸಿದ್ರಿ!"

ಆ ಸಂಜೆ ನಾದಿನಿ ಹೋದ ಮೇಲೆ ಪಾಲಿಶಕ್ಕ ಹಾಸಿಗೆಯ ಅಂಚಿನಲ್ಲಿ ಕೂತಳು. ಹೊರಗೆ ಬೆಳಕು ಆರಿತು. ಕೈ ಬರಲಿಲ್ಲ.

"ರೀ," ಎಂದಳು.

ಹೊಟ್ಟೆ ತಣ್ಣಗಿತ್ತು. ತನ್ನದೇ ಐದು ಬೆರಳನ್ನು ಪಕ್ಕೆಲುಬಿನ ಕೆಳಗೆ ಊರಿ, ನೋಯುವಷ್ಟು ಹಿಡಿದು ನೋಡಿದಳು. ಅದು ಅವನ ಹಿಡಿತದ ಹಾಗಿರಲಿಲ್ಲ. ಗಂಡ ಸತ್ತಿದ್ದಾನೆ ಎಂದು ಅವಳಿಗೆ ಆಗ ಗೊತ್ತಾಯಿತು. ಕತ್ತಲಲ್ಲಿ ಕೂತು ಬಿಕ್ಕಿ ಬಿಕ್ಕಿ ಅತ್ತಳು.